ನೂರಕ್ಕೆ ನಾಲ್ಕು

ಏಪ್ರಿಲ್ 14, ಭಾನುವಾರ

ಪೂಜೆ ಮುಗಿಸಿ ಹೊರಗೆ ಬರುವಷ್ಟರಲ್ಲಿ ಸುದ್ದಿ ನನಗಿಂತ ಮೊದಲೇ ಚರ್ಚಿನ ಗೇಟು ದಾಟಿತ್ತು. "ಕೌನ್ಸಿಲ್ ಚುನಾವಣೆಗೆ ನಿಲ್ತಿದ್ದೀಯಂತೆ ಬರ್ನಡೆಟ್! ಗುಡ್ ವುಮನ್!" ಎಂದು ಪರಿಚಯವೇ ಇಲ್ಲದವರು ಕೈ ಕುಲುಕಿದರು. ನೋರೀನ್ ಹೇಳಿದ್ದು ಒಬ್ಬರಿಗೆ ಮಾತ್ರವಂತೆ. ಆ ಒಬ್ಬರು ಅಂಚೆ ಕಚೇರಿಯ ಮೇರಿ. ಇನ್ನು ಕೇಳಬೇಕೇ.

ಇದೆಲ್ಲ ಶುರುವಾದದ್ದು ಲೀಲಾವತಿಯ ಕೈ ಮುರಿದದ್ದರಿಂದ. ನಾನು ನರ್ಸಾಗಿರುವ ನರ್ಸಿಂಗ್ ಹೋಮ್ (ಇಲ್ಲಿ ಹಾಗೆಂದರೆ ವೃದ್ಧರನ್ನು ನೋಡಿಕೊಳ್ಳುವ ಮನೆ) ಕ್ಲೂನಾರ ಪೇಟೆಯಿಂದ ಒಂದು ಮೈಲಿ ಹೊರಗೆ. ನಡುವಿನ ರಸ್ತೆಗೆ ಫುಟ್‌ಪಾತ್ ಇಲ್ಲ, ದೀಪವೂ ಇಲ್ಲ. ಫೆಬ್ರವರಿಯಲ್ಲಿ ಡ್ಯೂಟಿ ಮುಗಿಸಿ ನಡೆದು ಹೋಗುತ್ತಿದ್ದ ಲೀಲಾವತಿಗೆ ಯಾವುದೋ ಕಾರಿನ ಕನ್ನಡಿ ಬಡಿಯಿತು. ಚರಂಡಿಗೆ ಬಿದ್ದಳು. ಮೈಸೂರಿನ ಹುಡುಗಿ, ಇಲ್ಲಿಗೆ ಬಂದು ವರ್ಷವೂ ಆಗಿರಲಿಲ್ಲ. ನಾನು ಕೌನ್ಸಿಲಿಗೆ ಬರೆದೆ. ಜಾಗ ಸಿಗುವುದಿಲ್ಲ, ಹಣವೂ ಇಲ್ಲ ಎಂಬ ಉತ್ತರ ಬಂತು. ನರ್ಸಿಂಗ್ ಹೋಮಿನ ಅಡುಗೆಮನೆ ನೋಡಿಕೊಳ್ಳುವ ನೋರೀನ್ ಅದನ್ನು ಓದಿ, "ಹಾಗಾದರೆ ಕೌನ್ಸಿಲಿಗೆ ನೀನೇ ಹೋಗಿ ಕೂತುಕೋ" ಎಂದಳು. ತಮಾಷೆ ಅಂದುಕೊಂಡೆ. ಅವಳಿಗೆ ತಮಾಷೆ ಬರುವುದಿಲ್ಲ.

ಐರ್ಲೆಂಡಿನಲ್ಲಿ ಕೌನ್ಸಿಲಿಗೆ ನಿಲ್ಲಲು ಈ ದೇಶದ ಪೌರತ್ವ ಬೇಡ, ಇಲ್ಲಿ ವಾಸವಾಗಿದ್ದರೆ ಸಾಕು. ನಾನು ವಾಸವಾಗಿದ್ದೇನೆ, ಹದಿನೆಂಟು ವರ್ಷದಿಂದ. ಆದರೂ ಇದು ಇವರ ಊರು, ಇವರ ರಸ್ತೆ. ನಡುವೆ ಬಾಯಿ ಹಾಕಲು ನಾನು ಯಾರು?

ಊಟದ ಹೊತ್ತಿಗೆ ನನ್ನ ಗಂಡ ಮೆಲ್ರಾಯ್ ಮೊಬೈಲು ತಂದು ಎದುರಿಗಿಟ್ಟರು. ಚುನಾವಣೆಗಳ ಮೇಲೆ ಜನ ಬಾಜಿ ಕಟ್ಟುವ ಒಂದು ವೆಬ್‌ಸೈಟಂತೆ. ಇಂಥವರು ಗೆಲ್ಲುತ್ತಾರೆ ಎಂದು ಒಂದೊಂದು ಚೀಟಿ ಕೊಳ್ಳುವುದು, ಗೆದ್ದರೆ ಚೀಟಿಗೆ ಒಂದು ಯೂರೋ, ಸೋತರೆ ಸೊನ್ನೆ. ಕೊಳ್ಳುವವರು ಹೆಚ್ಚಿದ ಹಾಗೆ ಚೀಟಿಯ ಬೆಲೆ ಏರುತ್ತದೆ. ನಮ್ಮ ಕ್ಷೇತ್ರದ ಐದು ಸೀಟುಗಳಿಗೂ ಅದರಲ್ಲಿ ಜಾಗ ಉಂಟು. ಪಟ್ಟಿಯ ಕೊನೆಗೆ ನನ್ನ ಹೆಸರು, ಅದರ ಮುಂದೆ ನಾಲ್ಕು ಸೆಂಟ್.

"ನಾಲ್ಕು ಅಂದ್ರೆ ಎಂತ?"

"ನೂರಕ್ಕೆ ನಾಲ್ಕು. ನೀನು ಗೆಲ್ಲುವ ಛಾನ್ಸ್. ಸುಮ್ನೆ ಬಾಯಿಮಾತು ಅಲ್ಲ ಮಾರಾಯ್ತಿ, ಜನ ದುಡ್ಡು ಹಾಕಿ ಹೇಳುವುದು."

"ಸೊನ್ನೆಗಿಂತ ಬೆಟರ್, ಮ್ಯಾಮ್," ಎಂದಳು ರೆಶೆಲ್ ತಟ್ಟೆಯಿಂದ ತಲೆ ಎತ್ತದೆ.

(ಮನೆಯಲ್ಲಿ ನಾವಾಡುವುದು ಕೊಂಕಣಿ, ಮಗಳು ಉತ್ತರಿಸುವುದು ಇಂಗ್ಲಿಷಿನಲ್ಲಿ, ಅಮ್ಮನನ್ನು ಇಲ್ಲಿನವರ ಹಾಗೆ 'ಮ್ಯಾಮ್' ಎನ್ನುತ್ತಾಳೆ. ದಿನಚರಿ ಮಾತ್ರ ಶಾಲೆಯಲ್ಲಿ ಕಲಿತ ಕನ್ನಡದಲ್ಲಿ. ಈ ಮನೆಯಲ್ಲಿ ಇದನ್ನು ಕದ್ದು ಓದುವ ತಾಳ್ಮೆ ಯಾರಿಗೂ ಇಲ್ಲ.)

ಏಪ್ರಿಲ್ 20, ಶನಿವಾರ

ಇನ್ನೂ ನಾಲ್ಕೇ.

ಇವತ್ತು ನೋರೀನ್ ಜೊತೆ ಮೊದಲ ಸಲ ಮನೆಮನೆಗೆ ಹೋದೆ. ಮೊದಲ ಬಾಗಿಲು ತೆರೆದ ಕೂಡಲೇ "ಸಾರಿ, ತೊಂದರೆ ಕೊಟ್ಟೆ" ಎಂದೆ. ಎರಡನೆಯ ಬಾಗಿಲಲ್ಲೂ ಅದೇ. ಮೂರನೆಯ ಮನೆಯಿಂದ ಹೊರಬಂದಾಗ ನೋರೀನ್ ನನ್ನ ತೋಳು ಹಿಡಿದು ನಿಲ್ಲಿಸಿದಳು. "ಇನ್ನೊಂದು ಸಲ ಸಾರಿ ಅಂದರೆ ನಿನ್ನನ್ನು ಇಲ್ಲೇ ಬಿಟ್ಟು ಹೋಗುತ್ತೇನೆ. ನೀನು ಅವರ ಬಾಗಿಲಿಗೆ ಬಂದದ್ದು ಕದಿಯಲಿಕ್ಕಲ್ಲ."

ಸೇತುವೆಯ ಆಚೆ ಒಬ್ಬ ಹೆಂಗಸು ನನ್ನನ್ನು ನೋಡಿ ಗಾಬರಿಯಾದಳು. "ಯಾರಿಗೇನಾಯಿತು?" ಅವಳ ಅತ್ತೆ ನಮ್ಮ ನರ್ಸಿಂಗ್ ಹೋಮಿನಲ್ಲಿದ್ದಾರೆ, ಕೆಟ್ಟ ಸುದ್ದಿ ತಂದೆನೆಂದುಕೊಂಡಳು. ಅತ್ತೆ ಬೆಳಿಗ್ಗೆ ಎರಡು ಮೊಟ್ಟೆ ತಿಂದು ಪಕ್ಕದ ಮಂಚದವರೊಡನೆ ಜಗಳವಾಡಿದರು ಎಂದ ಮೇಲೆ ಎಷ್ಟು ನಕ್ಕಳೆಂದರೆ ಮತದ ವಿಷಯ ಕೇಳುವುದೇ ಮರೆತುಹೋಯಿತು.

ಕಾಲು ನೋಯುತ್ತಿದೆ. ಇಷ್ಟು ಟೀ ನಾನು ಮದುವೆಮನೆಯಲ್ಲೂ ಕುಡಿದಿಲ್ಲ.

ಮೇ 1, ಬುಧವಾರ

ಒಂಬತ್ತು! ಬೆಳಿಗ್ಗೆ ಮೆಲ್ರಾಯ್ ಬೂಟು ಹಾಕಿಕೊಳ್ಳುತ್ತ, ಮಳೆ ಬರುವ ಹಾಗಿದೆ ಎನ್ನುವ ದನಿಯಲ್ಲಿ ಹೇಳಿದರು. ಇವರು ಗಾಲ್ವೇಯ ಕಾರ್ಖಾನೆಯಲ್ಲಿ ಮಿಷನ್ ರಿಪೇರಿ ಮಾಡುವವರು, ಮೀಟರಿನ ಮುಳ್ಳು ನೋಡಿಯೇ ಇಪ್ಪತ್ತು ವರ್ಷ ಕಳೆದವರು. ಮುಳ್ಳು ಎಲ್ಲಿ ನಿಂತಿದೆ ಎಂದು ಹೇಳುತ್ತಾರೆ. ಅದರ ಬಗ್ಗೆ ಏನನಿಸುತ್ತದೆ ಎಂದು ಹೇಳುವುದಿಲ್ಲ. ಮನೆಮನೆ ತಿರುಗಲು ಬನ್ನಿ ಎಂದು ಎರಡು ಸಲ ಕರೆದೆ. ಎರಡು ಸಲವೂ ಕಾರಿನ ಆಯಿಲ್ ಬದಲಿಸುವುದಿತ್ತು.

ಸಂಜೆ ಹೊಸ ಬಡಾವಣೆಯಲ್ಲಿ ಒಬ್ಬ ಬಾಗಿಲು ಅರ್ಧ ತೆರೆದು, ನನ್ನ ಮುಖ ನೋಡಿ, "ನಿನ್ನ ದೇಶಕ್ಕೆ ಹೋಗಿ ನಿಲ್ಲು" ಎಂದು ಮುಚ್ಚಿದ. ನೋರೀನ್ ಆ ಬಾಗಿಲಿಗೆ ಹೇಳಿದ ಮಾತನ್ನು ಇಲ್ಲಿ ಬರೆಯಲಾರೆ. ಮುಂದಿನ ಮನೆಗೆ ಹೋಗುವ ಮೊದಲು ಗೋಡೆಯ ಮೇಲೆ ಸ್ವಲ್ಪ ಹೊತ್ತು ಕೂತೆ. ಆ ಮುಂದಿನ ಮನೆಯವರು ಕೌನ್ಸಿಲ್ ವಿಷಯ ಕೇಳಲೇ ಇಲ್ಲ. ಮಗುವಿನ ಮೈಮೇಲೆ ಎದ್ದ ಗುಳ್ಳೆ ತೋರಿಸಿದರು. ಚಿಕನ್ ಪಾಕ್ಸ್.

ಮೇ 12, ಭಾನುವಾರ

ಹದಿನೇಳು.

ನನ್ನ ಮುಖ ಈಗ ಕಂಬಗಳ ಮೇಲಿದೆ. ಫೋಟೋ ತೆಗೆದವಳು ರೆಶೆಲ್. ನಗು ಎಂದಳು, ನಕ್ಕೆ. ಅಷ್ಟು ಬೇಡ ಎಂದಳು, ನಿಲ್ಲಿಸಿದೆ. ಈಗ ಇಡೀ ಊರಿಗೆ ಇಂಜೆಕ್ಷನ್ ಕೊಡಲು ಹೊರಟವಳ ಹಾಗೆ ಕಾಣುತ್ತೇನೆ. ಕೆಲಸಕ್ಕೆ ಹೋಗುವಾಗ ನನ್ನನ್ನೇ ಮೂರು ಕಡೆ ದಾಟಬೇಕು.

ಸಂಖ್ಯೆ ನೋಡುವ ಚಟ ನನಗೂ ಅಂಟಿದೆ. ಔಷಧಿ ಕೊಡುವ ಸುತ್ತು ಮುಗಿದು ಟೀಗೆ ಕೂತಾಗ ಮೊಬೈಲು ತೆಗೆಯುತ್ತೇನೆ. ಹದಿನೈದಾಗಿದ್ದರೆ ಬೆನ್ನು ನೆಟ್ಟಗಾಗುತ್ತದೆ, ಹದಿಮೂರಾದರೆ ಬಿಸ್ಕತ್ತು ಬೇಡವಾಗುತ್ತದೆ. ಯಾರೋ ಎಲ್ಲಿಂದಲೋ ನನ್ನನ್ನು ನಂಬಿ ಹಣ ಹಾಕುತ್ತಿದ್ದಾರಲ್ಲ! ಸ್ಥಳೀಯ ಪತ್ರಿಕೆಯಲ್ಲೂ ಬಂತು: "ನರ್ಸ್ ಏರುತ್ತಿದ್ದಾರೆ."

ಪೆಟ್ರೋಲ್ ಬಂಕಿನಲ್ಲಿ ಪಾಡ್ರಿಗ್ ಟಲ್ಲಿ ಸಿಕ್ಕಿದರು. ಇಪ್ಪತ್ತು ವರ್ಷದಿಂದ ಕೌನ್ಸಿಲರ್, ಊರಿನ ಒಂದು ಶವಯಾತ್ರೆಯನ್ನೂ ತಪ್ಪಿಸದ ಮನುಷ್ಯ. "ನರ್ಸ್, ನೀನು ತಿನ್ನುತ್ತಿರುವುದು ನನ್ನ ಮತ ಕಣಮ್ಮ" ಎಂದರು.

"ಫುಟ್‌ಪಾತ್ ಮಾಡಿಸಿದ್ದರೆ ನಾನು ನಿಲ್ಲುತ್ತಲೇ ಇರಲಿಲ್ಲ ಮಿಸ್ಟರ್ ಟಲ್ಲಿ" ಎಂದೆ.

ಅವರು ನಕ್ಕರು. ನನ್ನ ಬಾಯಿಂದ ಅಂಥ ಮಾತು ಹೇಗೆ ಬಂತೋ ತಿಳಿಯದು. ಪೆಟ್ರೋಲಿಗೆ ಹಣ ಕೊಡದೆ ಹೊರಟಿದ್ದೆ, ಬಂಕಿನವರು ಕರೆದು ನಿಲ್ಲಿಸಿದರು.

ಮೇ 19, ಭಾನುವಾರ

ಪ್ಯಾರಿಷ್ ಹಾಲಿನಲ್ಲಿ ಎಲ್ಲ ಅಭ್ಯರ್ಥಿಗಳ ಸಭೆ. ಹನ್ನೊಂದು ಮಂದಿ ವೇದಿಕೆಯ ಮೇಲೆ, ಕುರ್ಚಿ ಒಂಬತ್ತು. ನಾನು ಮತ್ತು ಟಲ್ಲಿ ಒಂದೇ ಬೆಂಚಿನಲ್ಲಿ ಕೂತೆವು.

ರೂನಿ ಎಂಬ ಅಭ್ಯರ್ಥಿ ಒಳ್ಳೆಯ ಸೂಟು ಹಾಕಿಕೊಂಡು, ಒಂದು ನರ್ಸಿಂಗ್ ಹೋಮಿಗಾಗಿ ಮೈಲಿಯುದ್ದ ಫುಟ್‌ಪಾತ್ ಮಾಡುವುದು ದುಂದು ಎಂದ. ನಡೆದು ಹೋಗುವವರು ಎಷ್ಟು ಜನ, ಎಣಿಸಿ ನೋಡಿ ಎಂದ. ನಾನು ಬರೆದುಕೊಂಡು ಹೋಗಿದ್ದ ಮಾತು ಮಡಿಲಲ್ಲೇ ಉಳಿಯಿತು. ಎದ್ದು ನಿಂತು ಲೀಲಾವತಿ ಹೇಗೆ ನಡೆಯುತ್ತಾಳೆ ಎಂದಷ್ಟೇ ಹೇಳಿದೆ. ಕಾರಿನ ಬೆಳಕು ಕಂಡ ಕೂಡಲೇ ಮುಳ್ಳುಬೇಲಿಗೆ ಬೆನ್ನು ಒತ್ತಿ ನಿಲ್ಲುತ್ತಾಳೆ, ಕಾರು ಹೋದ ಮೇಲೆ ಕಣ್ಣಿಗೆ ಕತ್ತಲೆ, ಆಗ ಕಾಲಿನಿಂದ ತಡವಿ ಡಾಂಬರು ಹುಡುಕುತ್ತಾಳೆ. ರಾತ್ರಿ ನಿಮ್ಮ ಅಮ್ಮನ ಮಗ್ಗುಲು ಬದಲಿಸುವವಳು ಅವಳೇ ಎಂದೆ. ಅಷ್ಟೇ ಹೇಳಿ ಕೂತೆ.

ಹಿಂದಿನ ಸಾಲಿನಿಂದ ಟಾಮಿ ಫಾಹಿ ಎದ್ದರು. ಆ ರಸ್ತೆಯ ಪಕ್ಕದ ಹೊಲವೆಲ್ಲ ಅವರದು. ಜಾಗ ಬಿಡದ ಮನುಷ್ಯ ಎಂದು ಎಲ್ಲರೂ ಹೇಳುವುದು ಅವರನ್ನೇ.

"ಬೇಲಿಯಿಂದ ನನ್ನ ಹೊಲದ ಕಡೆಗೆ ಎರಡು ಗಜ ಬೇಕಾದರೆ ತೆಗೆದುಕೊಳ್ಳಲಿ. ನಾನು ಬೇಡ ಅಂದಿಲ್ಲ. ನನ್ನನ್ನು ಯಾರೂ ಕೇಳಿಲ್ಲ."

ಟಲ್ಲಿ ನನ್ನ ಪಕ್ಕದಲ್ಲಿ ಮೆಲ್ಲಗೆ, "ಜೀಸಸ್" ಎಂದರು.

ಹೊರಗೆ ಲೀಲಾವತಿ ಕಾಯುತ್ತಿದ್ದಳು. ಕಣ್ಣು ಕೆಂಪಾಗಿತ್ತು. "ಅಕ್ಕಾ, ನಾನು ಹಂಗೆ ಕಾಲಲ್ಲಿ ತಡವ್ಕೊಂಡು ನಡೀತೀನಿ ಅಂತ ನಿಮಗೆ ಹೆಂಗೆ ಗೊತ್ತಾಯ್ತು?"

"ನಾನೂ ಹನ್ನೊಂದು ವರ್ಷ ಹಾಗೇ ನಡೆದದ್ದು" ಎಂದೆ. ಅದನ್ನು ಯಾರಿಗೂ ಹೇಳಿರಲಿಲ್ಲ ಎಂದು ಆಗ ನೆನಪಾಯಿತು.

ಇಪ್ಪತ್ತನಾಲ್ಕು.

ಮೇ 23, ಗುರುವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಶಾಲೆಯಿಂದ ಬಂದ ರೆಶೆಲ್ ಆ ವೆಬ್‌ಸೈಟ್ ನೋಡುತ್ತಿದ್ದಳು. ಇದ್ದಕ್ಕಿದ್ದಂತೆ ನಗಲು ಶುರು ಮಾಡಿದಳು. ಯಾರ ಬಳಿ ಎಷ್ಟು ಚೀಟಿ ಇದೆ ಎಂದು ಅಲ್ಲಿ ಕಾಣುತ್ತದಂತೆ. ನನ್ನ ಹೆಸರಿನ ಚೀಟಿಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಒಬ್ಬನ ಹತ್ತಿರ. ಅವನು ಇಟ್ಟುಕೊಂಡ ಹೆಸರು 'ಕಿನ್ನಿಗೋಳಿ'.

"ಮ್ಯಾಮ್, ಐರ್ಲೆಂಡಿನಲ್ಲಿ ಯಾರು ತನ್ನನ್ನು ಕಿನ್ನಿಗೋಳಿ ಅಂತ ಕರ್ಕೊಳ್ತಾನೆ?"

ಕಿನ್ನಿಗೋಳಿ ಮೆಲ್ರಾಯ್ ಹುಟ್ಟಿದ ಊರು.

ನನಗೆ ನಗು ಬರಲಿಲ್ಲ. ಒಂಬತ್ತು, ಹದಿನೇಳು, ಇಪ್ಪತ್ತನಾಲ್ಕು... ಪ್ರತಿ ಸಲ ನಾನು ಟೀ ಕಪ್ಪು ಹಿಡಿದು ಹಿಗ್ಗಿದ್ದು, ಪತ್ರಿಕೆ ಬರೆದದ್ದು, ನೋರೀನ್ ಅದನ್ನು ಕತ್ತರಿಸಿ ಅಡುಗೆಮನೆಯಲ್ಲಿ ಅಂಟಿಸಿದ್ದು, ಎಲ್ಲವೂ ನನ್ನ ಗಂಡನ ಸಂಬಳ. ಎಲ್ಲಿಂದಲೋ ನಂಬಿದ ಯಾರೋ ಯಾರೂ ಇರಲಿಲ್ಲ.

ಇವರು ಕೆಲಸದಿಂದ ಬಂದು ಬೂಟು ಬಿಚ್ಚುವ ಮೊದಲೇ ಕೇಳಿದೆ. ಅಡಗಿಸಲಿಲ್ಲ.

"ಹೌದು, ನಾನೇ."

"ಎಂತಕ್ಕೆ? ನಾನು ಮಗುವಾ, ಗೊಂಬೆ ಕೊಟ್ಟು ಸಮಾಧಾನ ಮಾಡ್ಲಿಕ್ಕೆ? ಯಾರಿಗಾದ್ರೂ ಗೊತ್ತಾದ್ರೆ ಎಂತ ಹೇಳ್ತಾರೆ? ಅಭ್ಯರ್ಥಿಯ ಗಂಡ ದುಡ್ಡು ಕೊಟ್ಟು ಹೆಂಡತಿಯ ಬೆಲೆ ಏರಿಸಿದ ಅಂತ!"

"ಏರಿಸ್ಲಿಕ್ಕೆ ಅಲ್ಲ ಬರ್ನಿ."

"ಮತ್ತೆ?"

ಅವರು ಒಂದು ಬೂಟು ಕೈಯಲ್ಲಿ ಹಿಡಿದು ಮೆಟ್ಟಿಲ ಮೇಲೆ ಕೂತರು. ಆಮೇಲೆ ಬೂಟಿಗೆ ಹೇಳುವ ಹಾಗೆ ಹೇಳಿದರು.

"ನಾಲ್ಕು ಅಂತ ನೋಡಿದಾಗ ನನಗೆ ಸಿಟ್ಟು ಬಂತು. ನಾಲ್ಕಲ್ಲ ಇವಳು ಅಂತ ಯಾರಿಗಾದ್ರೂ ಹೇಳ್ಬೇಕು ಅನಿಸ್ತು. ನಿನ್ನ ಹಾಗೆ ಬಾಗಿಲಿಗೆ ಹೋಗಿ ಹೇಳ್ಲಿಕ್ಕೆ ನನಗೆ ಆಗುದಿಲ್ಲ, ನಾಲಗೆ ಒಣಗ್ತದೆ. ನನಗೆ ಹೇಳ್ಲಿಕ್ಕೆ ಆಗುವ ಜಾಗ ಅದೊಂದೇ ಇದ್ದದ್ದು. ಅಲ್ಲಿ ಬಾಯಿ ಬೇಡ."

"ನಾನು ಗೆಲ್ತೇನೆ ಅಂತ ನೀವು ನಿಜವಾಗಿ ಅಂದುಕೊಂಡದ್ದಾ?"

"ಈಗಲೂ ಅಂದುಕೊಂಡದ್ದೇ."

ರೆಶೆಲ್ ಬಾಗಿಲ ಹಿಂದೆ ಮೂಗು ಎಳೆದುಕೊಳ್ಳುವುದು ಕೇಳಿಸಿತು. ನನಗೆ ಸಿಟ್ಟು ಇಳಿಯಲಿಲ್ಲ. ಅಂದರೆ ಇಳಿಯಿತು, ಆದರೆ ಅಷ್ಟು ಬೇಗ ತೋರಿಸಲು ಮನಸ್ಸಾಗಲಿಲ್ಲ. ಎಲ್ಲ ಚೀಟಿಗಳನ್ನೂ ಮಾರಿಬಿಡಿ ಎಂದೆ. ನಷ್ಟವಾಗುತ್ತದೆ ಎಂದರು. ಆಗಲಿ ಎಂದೆ.

"ಶನಿವಾರ ಫಾಹಿಯವರ ಆಚೆಯ ಮನೆಗಳಿಗೆ ಹೋಗುವುದುಂಟು. ನೀವು ಬರುವುದು. ಆಯಿಲ್ ಗೀಯಿಲ್ ಎಂತ ಹೇಳ್ಬೇಡಿ."

ಮೇ 25, ಶನಿವಾರ

ಮಾರಿದರು. ಒಂದೇ ಸಲ ಆರಕ್ಕೆ ಇಳಿಯಿತಂತೆ. ರೆಶೆಲ್ ಹೇಳಿದಳು, ನಾನು ನೋಡಲಿಲ್ಲ.

ಮೆಲ್ರಾಯ್ ಜೊತೆ ಹೋಗಿ ನಾನು ಕೆಟ್ಟೆ. ಮೊದಲ ಮನೆಯಲ್ಲಿ ನಾನು ಮಾತಾಡುತ್ತಿದ್ದರೆ ಇವರು ಗೇಟಿನ ಬಳಿಯೇ ನಿಂತು ಅದರ ಚಿಲಕವನ್ನು ಮೇಲೆ ಕೆಳಗೆ ಆಡಿಸುತ್ತಿದ್ದರು. ಸರಿಯಾಗಿ ಕೂರುತ್ತಿರಲಿಲ್ಲ. ಕಾರಿನಿಂದ ಸ್ಪ್ಯಾನರ್ ತಂದರು. ಎರಡನೆಯ ಮನೆಯಲ್ಲಿ ಹುಲ್ಲು ಕತ್ತರಿಸುವ ಯಂತ್ರ. ಮೂರನೆಯ ಮನೆಯ ಮುದುಕ, "ಬಾಯ್ಲರ್ ಬಗ್ಗೆ ಏನಾದರೂ ಗೊತ್ತೇ?" ಎಂದು ಕೇಳಿದ್ದೇ ತಪ್ಪು. ಮನೆ ಬೆಚ್ಚಗಿಡುವ ಆ ಯಂತ್ರದ ಹಿಂದಿನಿಂದ ಒಂದು ಗಂಟೆ ಹೊತ್ತು ಇಬ್ಬರ ಕಾಲುಗಳು ಮಾತ್ರ ಕಾಣುತ್ತಿದ್ದವು. ಒಳಗಿನಿಂದ ಇವರ ದನಿ ಕೇಳಿತು. ಇಂಗ್ಲಿಷಿನಲ್ಲಿ, ಸ್ಪಷ್ಟವಾಗಿ:

"ಅವಳು ಹಿಡಿದ ಕೆಲಸ ಬಿಡುವವಳಲ್ಲ. ಮದುವೆಯಾದಾಗಿನಿಂದ ನೋಡಿದ್ದೇನೆ. ನೀವು ಅವಳಿಗೆ ನಂಬರ್ ಒನ್ ಕೊಡಬೇಕು."

ನಾಲಗೆ ಒಣಗುವ ಮನುಷ್ಯ! ಬಾಯ್ಲರಿಗೆ ಮುಖ ಕೊಟ್ಟರೆ ಮಾತು ಬರುತ್ತದೆಂದು ಗೊತ್ತಿದ್ದರೆ ಮದುವೆಯಾದ ಹೊಸತರಲ್ಲೇ ಒಂದು ತಂದಿಡುತ್ತಿದ್ದೆ.

ಇಡೀ ದಿನದಲ್ಲಿ ಆದದ್ದು ಏಳು ಮನೆ. ನೋರೀನ್ ತಲೆ ಚಚ್ಚಿಕೊಂಡಳು.

ಜೂನ್ 2, ಭಾನುವಾರ

ಡ್ಯೂಟಿ, ಪೂಜೆ, ಮೂವತ್ತು ಮನೆ. ನಮ್ಮ ರಸ್ತೆಯ ಬೇಲಿ ಪೂರ್ತಿ ಬಿಳಿ ಹೂ ಬಿಟ್ಟಿದೆ. ಇನ್ನೂ ಬರೆಯುವುದಿತ್ತು, ನಿದ್ದೆ ಬರುತ್ತಿದೆ.

ಜೂನ್ 7, ಶುಕ್ರವಾರ

ಶಾಲೆಯಲ್ಲಿ ಮತ ಹಾಕಿದೆ. ಮೂರನೆಯ ತರಗತಿಯ ಕೋಣೆ, ಗೋಡೆಯ ಮೇಲೆ ಮಕ್ಕಳು ಬರೆದ ಹಸುಗಳು. ಮತಪತ್ರದಲ್ಲಿ ನನ್ನ ಇಂಜೆಕ್ಷನ್ ಮುಖ. ದಾರ ಕಟ್ಟಿದ ಪೆನ್ಸಿಲಿನಿಂದ ಅದರ ಮುಂದೆ ಒಂದು ಎಂದು ಬರೆದೆ. ಇಲ್ಲಿ ಒಬ್ಬರಿಗೆ ಹಾಕಿ ಮುಗಿಯುವುದಿಲ್ಲ, ಎರಡು, ಮೂರು ಎಂದು ಇಷ್ಟದ ಪ್ರಕಾರ ಬರೆಯುತ್ತ ಹೋಗಬಹುದು. ಮೊದಲನೆಯವರು ಸೋತು ಹೊರಗೆ ಹೋದರೆ ಮತ ಎರಡನೆಯವರಿಗೆ ಸೇರುತ್ತದೆ. ತುಸು ಯೋಚಿಸಿ ಟಲ್ಲಿಗೆ ಎರಡು ಕೊಟ್ಟೆ.

ಲೀಲಾವತಿಗೆ ಇದು ಈ ದೇಶದ ಮೊದಲ ಮತ. ಹೊರಬಂದು, "ಅಕ್ಕಾ, ಬೆರಳಿಗೆ ಇಂಕೇ ಹಾಕಲ್ವಲ್ಲ, ಓಟ್ ಮಾಡ್ದಂಗೇ ಅನ್ನಿಸ್ತಿಲ್ಲ" ಎಂದಳು.

ಜೂನ್ 9, ಭಾನುವಾರ

ಸೋತೆ. ಮೊದಲು ಅದನ್ನು ಬರೆದುಬಿಡುತ್ತೇನೆ.

ಎಣಿಕೆ ನಿನ್ನೆ ಬೆಳಿಗ್ಗೆ ಕ್ರೀಡಾ ಸಭಾಂಗಣದಲ್ಲಿ ಶುರುವಾಗಿ ಇವತ್ತು ಮಧ್ಯಾಹ್ನ ಮುಗಿಯಿತು. ಬೇಲಿಯಂತೆ ಕಟ್ಟಿದ ಕಂಬಿಯ ಆಚೆ ಮೇಜುಗಳು, ಈಚೆ ಕುತ್ತಿಗೆ ಚಾಚಿ ನಿಂತ ನಾವು. ಮೊದಲ ಎಣಿಕೆಯಲ್ಲಿ ಹನ್ನೊಂದು ಮಂದಿಯಲ್ಲಿ ಏಳನೆಯವಳಾಗಿದ್ದೆ. ಕೆಳಗಿನವರು ಒಬ್ಬೊಬ್ಬರೇ ಹೊರಬಿದ್ದ ಹಾಗೆ ಅವರ ಮತಗಳು ನನಗೂ ಬಂದವು. ನಾನು ಆರಕ್ಕೇರಿದೆ. ನಾಲ್ಕು ಸೀಟು ಭರ್ತಿಯಾಗಿ ಕೊನೆಯದೊಂದು ಉಳಿಯಿತು, ಅದಕ್ಕೆ ಮೂವರು: ರೂನಿ, ಟಲ್ಲಿ, ನಾನು. ಆಗ ಮತ್ತೆ ಏಳಕ್ಕೆ ಇಳಿದು ಹಿಂದೆ ಬಿದ್ದವಳು ನಾನೇ. ಮೈಕಿನಲ್ಲಿ ನನ್ನ ಹೆಸರು ತಪ್ಪಾಗಿ ಕರೆದು, ಹೊರಗೆ ಎಂದು ಘೋಷಿಸಿದರು. ನೋರೀನ್ ಆ ಅಧಿಕಾರಿಗೆ ಹೆಸರು ತಿದ್ದಿ ಹೇಳಿದಳು, ಇಡೀ ಸಭಾಂಗಣಕ್ಕೆ ಕೇಳುವ ಹಾಗೆ.

ಅಳು ಬರುತ್ತದೆ ಅಂದುಕೊಂಡಿದ್ದೆ. ಆದರೆ ಆಗ ನನ್ನ ಮತಗಳನ್ನು ಹಂಚಲು ಕಟ್ಟು ಬಿಚ್ಚಿ ಮೇಜಿನ ಮೇಲೆ ಸುರಿದರು. ಎಷ್ಟೊಂದು ಕಾಗದ! ಅಧಿಕಾರಿ ಒಂದೊಂದೇ ತಿರುಗಿಸಿ ಎರಡನೆಯ ಆಯ್ಕೆ ಹುಡುಕುತ್ತಿದ್ದರೆ, ನಾನು ಕಂಬಿ ಹಿಡಿದು ಮೊದಲನೆಯದನ್ನೇ ನೋಡುತ್ತಿದ್ದೆ. ನೆಟ್ಟಗಿನ ಒಂದು, ನಡುಗುವ ಕೈಯ ಒಂದು, ಪೆನ್ಸಿಲು ಒತ್ತಿ ಕಾಗದ ಹರಿಯುವಂತೆ ಬರೆದ ಒಂದು. ಯಾರದೆಂದು ತಿಳಿಯುವುದಿಲ್ಲ. ಆದರೂ ಪ್ರತಿಯೊಂದು ಕಂಡಾಗಲೂ ಒಂದೊಂದು ಅಡುಗೆಮನೆ, ಒಂದೊಂದು ಟೀ ಕಪ್ಪು ನೆನಪಾಗುತ್ತಿತ್ತು. ಮೆಲ್ರಾಯ್ ಪಕ್ಕದಲ್ಲಿ ನಿಂತು, "ನೋಡು, ಇದು ಬಾಯ್ಲರ್" ಎಂದರು. ಇಬ್ಬರೂ ಅಲ್ಲೇ ನಕ್ಕೆವು. ಜನ ತಿರುಗಿ ನೋಡಿದರು.

ನನ್ನ ಕಾಗದಗಳಲ್ಲಿ ಮುಕ್ಕಾಲು ಪಾಲು ಟಲ್ಲಿಯ ಕಟ್ಟಿಗೆ ಹೋದವು. ಹಿಂದಿದ್ದ ಮನುಷ್ಯ ರೂನಿಯನ್ನು ದಾಟಿ ಗೆದ್ದರು. ಅವರನ್ನು ಹೆಗಲ ಮೇಲೆ ಎತ್ತಿದರು. ಇಳಿದ ಕೂಡಲೇ ನನ್ನತ್ತ ಬಂದರು, ಮುಖ ಒದ್ದೆ.

"ನಿನ್ನವರು ನನ್ನನ್ನು ಗೆಲ್ಲಿಸಿದರು ನರ್ಸ್. ಮೊದಲ ಸಭೆಯಲ್ಲೇ ಫುಟ್‌ಪಾತ್ ಎತ್ತುತ್ತೇನೆ. ಫಾಹಿ ಜಾಗ ಕೊಡುತ್ತೇನೆಂದು ಎಲ್ಲರೆದುರು ಹೇಳಿದ್ದಾನೆ, ಇನ್ನು ಹಿಂದೆ ಸರಿಯಲು ಬಿಡುವುದಿಲ್ಲ."

"ನಾನು ಬಂದು ಸಾರ್ವಜನಿಕರ ಕುರ್ಚಿಯಲ್ಲಿ ಕೂರುತ್ತೇನೆ, ಕೇಳಿಸಿಕೊಳ್ಳಲು" ಎಂದೆ.

"ಅದು ನನಗೆ ಚೆನ್ನಾಗಿ ಗೊತ್ತು" ಎಂದರು.

ಮನೆಗೆ ಬಂದು ಕಂಬಗಳಿಂದ ಪೋಸ್ಟರ್ ಇಳಿಸಿದೆವು. ಇಳಿಸದಿದ್ದರೆ ದಂಡ. ರೆಶೆಲ್ ಒಂದನ್ನು ತನ್ನ ಕೋಣೆಗೆ ಒಯ್ದಳು. ಕಳ್ಳರನ್ನು ಹೆದರಿಸಲಂತೆ.

ಜೂನ್ 11, ಮಂಗಳವಾರ

ಡ್ಯೂಟಿ ಮುಗಿಸಿ ಬಂದು ಅನ್ನಕ್ಕೆ ಇಡುವಷ್ಟರಲ್ಲಿ ಫೋನು. ಗಿರಣಿ ರಸ್ತೆಯ ಡೆಲಿಯಾ ಎಂಬ ಹೆಂಗಸು. ನನಗೆ ಗುರುತಿಲ್ಲ, ಅವರ ಮನೆಗೆ ಹೋದ ನೆನಪೂ ಇಲ್ಲ. ಬೆಳಗಿನಿಂದ ಮಳೆ, ರಸ್ತೆಯ ಚರಂಡಿ ಕಟ್ಟಿಕೊಂಡು ನೀರು ಅಂಗಳಕ್ಕೆ ನುಗ್ಗುತ್ತಿದೆ, ಬಾಗಿಲ ತನಕ ಬಂದಿದೆ ಎಂದರು.

"ಅಮ್ಮಾ, ನಾನು ಸೋತೆನಲ್ಲ" ಎಂದೆ.

"ಗೊತ್ತು, ರೇಡಿಯೋದಲ್ಲಿ ಕೇಳಿದೆ" ಎಂದರು. "ಅದಕ್ಕೂ ನೀರಿಗೂ ಏನು ಸಂಬಂಧ? ನೀನು ಬರುತ್ತೀಯಲ್ಲ?"

ಕೌನ್ಸಿಲಿನ ತುರ್ತು ನಂಬರಿಗೆ ಮಾಡಿದೆ, ಟಲ್ಲಿಗೂ ಮಾಡಿದೆ. ಟಲ್ಲಿ ಶವಯಾತ್ರೆಯಲ್ಲಿದ್ದಾರೆ, ನೇರ ಅಲ್ಲಿಗೇ ಬರುತ್ತಾರಂತೆ. ಗಿರಣಿ ರಸ್ತೆ ಮೊದಲೇ ತಗ್ಗು. ಅಲ್ಲಿ ನೀರು ನಿಂತರೆ ಹಿಂದಿನ ಸಾಲಿನ ಮನೆಗಳಿಗೂ ಹೋಗುತ್ತದೆ, ಅಲ್ಲಿ ಒಬ್ಬರು ಆಕ್ಸಿಜನ್ ಮೇಲಿದ್ದಾರೆ. ನಮ್ಮೂರಿನ ಚರಂಡಿಗಳನ್ನೆಲ್ಲ ಒಮ್ಮೆ ಸುತ್ತಿ ನೋಡಬೇಕು, ಯಾವುದಾದರೂ ಭಾನುವಾರ.

ಮೆಲ್ರಾಯ್ ಆಗಲೇ ಕಾರು ಹೊರಗೆ ತೆಗೆದಾಗಿದೆ. "ಸಲಿಕೆ ಹಿಡ್ಕೊಳ್ಳುವುದಾ?" ಎಂದು ಅಂಗಳದಿಂದ ಕೂಗುತ್ತಿದ್ದಾರೆ.

ಎರಡು ಹಿಡ್ಕೊಳ್ಳಿ ಎಂದೆ.